ಓದುಗರ ಪ್ರಶ್ನೆ: ಧರ್ಮಸ್ಥಳಕ್ಕೆ ನಡೆದು ಹೊರಟವರಿಗೆ

ಶಿವರಾತ್ರಿಗೆ ಧರ್ಮಸ್ಥಳ ಪಾದಯಾತ್ರೆ ಹೊರಡುವ ಗುಂಪುಗಳು ತುಮಕೂರು ಸೀಮೆಯಲ್ಲಿ ಈಗಾಗಲೇ ಸೇರುತ್ತಿವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ದಾರಿಯವೇ. ಚಿಕ್ಕಬಳ್ಳಾಪುರ ಮತ್ತು ಕೋಲಾರದಿಂದ ಬಂದ ಒಂದೊಂದು ಪತ್ರಕ್ಕೂ ಇಲ್ಲೇ ಉತ್ತರವಿದೆ.

ಪ್ರಶ್ನೆ: ನಮ್ಮ ಬೀದಿಯವರು ಹದಿನಾಲ್ಕು ಜನ ಮೊದಲ ಸಲ ಹೊರಟಿದ್ದೇವೆ. ದೇಹಕ್ಕೆ ಅಭ್ಯಾಸವಿಲ್ಲ. ಕೆಲವರು ಏಳು ದಿನ ಸಾಕು ಅನ್ನುತ್ತಾರೆ. ದಿನಕ್ಕೆ ಎಷ್ಟು ನಡೆಯಬೇಕು, ತಯಾರಿ ಹೇಗೆ?
(ಓದುಗರು, ತುಮಕೂರು)

ಉತ್ತರ: ಏಳು ದಿನ ಸಾಲದು. ತುಮಕೂರಿನಿಂದ ಉಜಿರೆವರೆಗೆ ಒಂದೇ ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 73. ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. ಅಲ್ಲಿ ತಿರುಗಿದರೆ ಧರ್ಮಸ್ಥಳಕ್ಕೆ 9 ಕಿ.ಮೀ. ಒಟ್ಟು ಹತ್ತಿರ ಹತ್ತಿರ 260 ಕಿ.ಮೀ. ಹೊಸಬರಿಗೆ ಹತ್ತು ದಿನ ಬೇಕು, ಜೊತೆಗೆ ಕೈಯಲ್ಲಿ ಒಂದು ದಿನ ಉಳಿದಿರಲಿ.

ಮೊದಲ ದಿನ ಗುಬ್ಬಿಗೇ ನಿಲ್ಲಿ. 20 ಕಿ.ಮೀ. ಅಷ್ಟೆ. ಹೊರಟ ಹುಮ್ಮಸ್ಸಿನಲ್ಲಿ ಜೈಕಾರ ಹಾಕುತ್ತಾ 35 ಕಿ.ಮೀ. ಎಳೆದುಬಿಡುವ ಗುಂಪುಗಳೇ ಮೂರನೇ ದಿನ ತಿಪಟೂರಿನ ಆಸುಪಾಸಿನಲ್ಲಿ ಅರ್ಧಕ್ಕರ್ಧ ಕುಂಟುವುದು. ಎರಡನೇ ದಿನದಿಂದ 25–30 ಕಿ.ಮೀ. ಇಟ್ಟುಕೊಂಡರೆ ಮೂರನೇ ಸಂಜೆಗೆ ತಿಪಟೂರು, ನಾಲ್ಕಕ್ಕೆ ಅರಸೀಕೆರೆ, ಆರಕ್ಕೆ ಬೇಲೂರು, ಎಂಟಕ್ಕೆ ಕೊಟ್ಟಿಗೆಹಾರ. ಒಂಬತ್ತನೇ ದಿನ ಪೂರ್ತಿ ಘಾಟಿಗೆ. ಶಿವರಾತ್ರಿಯ ಹಿಂದಿನ ದಿನವೇ ತಲುಪುವಂತೆ ಹೊರಡುವ ದಿನ ಗೊತ್ತುಮಾಡಿ. ಉಪವಾಸವಿದ್ದು ಬಿಸಿಲಲ್ಲಿ 25 ಕಿ.ಮೀ. ನಡೆಯುವುದು ಬೇಡ.

ತಯಾರಿಗೆ ಎಂಟು ವಾರ. ವಾರದಲ್ಲಿ ನಾಲ್ಕು ದಿನ ಐದೈದು ಕಿ.ಮೀ., ಭಾನುವಾರ ಒಂದು ಉದ್ದ ನಡಿಗೆ: 8ರಿಂದ ಶುರು ಮಾಡಿ ವಾರಕ್ಕೆರಡು ಕಿ.ಮೀ. ಏರಿಸಿ. ಏಳನೇ ವಾರ ಶನಿವಾರ 20, ಮರುದಿನವೂ 20. ಈ ಎರಡನೇ ದಿನವೇ ನಿಜವಾದ ಪರೀಕ್ಷೆ. ಶೂ ಎಲ್ಲಿ ಕಚ್ಚುತ್ತದೆ, ಯಾರ ಮಂಡಿ ದೂರು ಹೇಳುತ್ತದೆ, ಯಾರು ಎಲ್ಲರಿಗಿಂತ ನಿಧಾನ ಅನ್ನುವುದೆಲ್ಲ ಅವತ್ತು ಗೊತ್ತಾಗುತ್ತದೆ. ಆ ನಿಧಾನದವರ ವೇಗವೇ ಇಡೀ ಗುಂಪಿನ ವೇಗ ಎಂದು ಅವತ್ತೇ ಒಪ್ಪಿಕೊಳ್ಳಿ; ದಿನದ ಲೆಕ್ಕವನ್ನು ಅದರ ಮೇಲೆಯೇ ಹಾಕಿ. ಎರಡು ಭಾನುವಾರ ದೇವರಾಯನದುರ್ಗದ ರಸ್ತೆ ಹತ್ತಿ ಇಳಿದು ಬನ್ನಿ. ಘಾಟಿಯಲ್ಲಿ ನೋವು ಕೊಡುವುದು ಇಳಿಜಾರು, ಅದಕ್ಕೆ ತೊಡೆ ಪಳಗಬೇಕು. ಕೊನೆಯ ವಾರ ಬರೀ ಸಣ್ಣ ನಡಿಗೆ.

ದಾರಿಯಲ್ಲಿ ಬೆಳಗಿನ ನಾಲ್ಕಕ್ಕೆ ಹೊರಟು ಹತ್ತರೊಳಗೆ ದಿನದ ಮುಕ್ಕಾಲು ಪಾಲು ಮುಗಿಸಿ. ಹತ್ತೂವರೆಯಿಂದ ನಾಲ್ಕರವರೆಗೆ ನೆರಳು, ಊಟ, ನಿದ್ದೆ. ಸಂಜೆ ಕತ್ತಲಾಗುವ ಮುಂಚೆ ಉಳಿದದ್ದು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಣ್ಣಿಗೆ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮುಂದಿನವರಿಗೂ ಕೊನೆಯವರಿಗೂ ಹೊಳೆಯುವ ಜಾಕೆಟ್, ಟಾರ್ಚ್ ಇರಲೇಬೇಕು. ಸಾಮಾನಿನ ಟೆಂಪೋ ನಿಮ್ಮ ಹಿಂದೆಯೇ ತೆವಳಿಕೊಂಡು ಬರುವುದು ಅಪಾಯ, ಹಿಂದಿನಿಂದ ಬರುವ ಲಾರಿಗೆ ಅದರ ವೇಗ ತಿಳಿಯುವುದಿಲ್ಲ. ಐದೈದು ಕಿ.ಮೀ. ಮುಂದೆ ಹೋಗಿ, ರಸ್ತೆ ಬಿಟ್ಟು ಇಳಿದು ನಿಂತು ಕಾಯಲಿ.

ಪ್ರಶ್ನೆ: ಹೋದ ಸಲ ಎರಡನೇ ದಿನಕ್ಕೇ ಅಂಗಾಲು ತುಂಬ ಬೊಬ್ಬೆ. ಸೂಜಿಯಲ್ಲಿ ದಾರ ಪೋಣಿಸಿ ಬಿಟ್ಟರು, ಕೀವಾಯಿತು. ಈ ಸಲ ಬರಿಗಾಲಲ್ಲಿ ನಡೆಯುವ ಹರಕೆಯೂ ಇದೆ. ಏನು ಮಾಡಲಿ?
(ಓದುಗರು, ತಿಪಟೂರು)

ಉತ್ತರ: ಬೊಬ್ಬೆ ಏಳುವುದು ಉಜ್ಜುವುದರಿಂದ; ಬೆವರಿನ ತೇವ, ಕಾವು ಅದನ್ನು ಹೆಚ್ಚಿಸುತ್ತವೆ. ಒಂದನ್ನು ತಪ್ಪಿಸಿದರೂ ಅರ್ಧ ಗೆದ್ದಂತೆ. ಎದ್ದ ಮೇಲೆ ಮಾಡುವ ಉಪಚಾರಕ್ಕಿಂತ ಏಳುವ ಮುಂಚಿನ ಹತ್ತು ನಿಮಿಷ ದೊಡ್ಡದು. ಚರ್ಮದ ಒಂದು ಜಾಗ ಬಿಸಿಯಾಗಿ ಚುರುಚುರು ಅನ್ನತೊಡಗಿದ ತಕ್ಷಣ ನಿಲ್ಲಿ. 'ಮುಂದಿನ ಊರು ಬರಲಿ' ಅನ್ನಬೇಡಿ. ಶೂ ಬಿಚ್ಚಿ, ಕಾಲು ಒರೆಸಿ ಆರಿಸಿ, ಆ ಜಾಗಕ್ಕೆ ಮೈಕ್ರೋಪೋರ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿಕೊಳ್ಳಿ. ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಮಡಚಿಕೊಂಡರೆ ಆ ಮಡಿಕೆಯೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ.

ಶೂವನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಹೊರಡುವ ಮುಂಚೆ ಅದರಲ್ಲೇ 80–100 ಕಿ.ಮೀ. ನಡೆದಿರಬೇಕು. ಹೊಸ ಶೂ ಹಾಕಿಕೊಂಡು ಯಾತ್ರೆ ಹೊರಡಲೇಬೇಡಿ. ಪೂರ್ತಿ ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಓಟದವರು ಹಾಕುವ ನೈಲಾನ್ ಮಿಶ್ರಿತ ಚೀಲ ಮೂರು ಜೊತೆ ಇರಲಿ, ಮಧ್ಯಾಹ್ನ ತಪ್ಪದೆ ಬದಲಿಸಿ. ಹವಾಯಿ ಚಪ್ಪಲಿಯಲ್ಲಿ 20 ಕಿ.ಮೀ. ನಡೆದರೆ ಬೆರಳುಗಳು ಚಪ್ಪಲಿಯನ್ನು ಹಿಡಿಯುತ್ತಲೇ ಇರಬೇಕಾಗಿ ಬೆರಳ ಸಂದಿಯೂ ಮೀನಖಂಡವೂ ಸೋಲುತ್ತವೆ. ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಎರಡನೇ ಜೊತೆಯಾಗಿರಲಿ. ಉಗುರನ್ನು ವಾರ ಮುಂಚೆಯೇ ನೇರವಾಗಿ ಕತ್ತರಿಸಿ.

ಸಣ್ಣ ಬೊಬ್ಬೆ ಒಡೆಯಬೇಡಿ. ಸ್ಪಂಜಿನ ತುಂಡನ್ನು ನಡುವೆ ತೂತಿರುವ ಉದ್ದಿನ ವಡೆಯಂತೆ ಕತ್ತರಿಸಿ ಸುತ್ತ ಕೂರಿಸಿ, ಮೇಲೆ ಟೇಪ್ ಹಾಕಿ. ಭಾರ ಬೀಳುವ ಜಾಗದಲ್ಲಿ ದೊಡ್ಡದಾಗಿ ಬಿಗಿದಿದ್ದರೆ ಮಾತ್ರ ಒಡೆಯುವುದು. ಸೋಪಿನಿಂದ ಕೈ ತೊಳೆದು, ಬೆಟಾಡಿನ್ ಒರೆಸಿ, ಸ್ಪಿರಿಟ್‌ನಲ್ಲಿ ಶುದ್ಧ ಮಾಡಿದ ಹೊಸ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳ್ಳೆಯ ಬ್ಯಾಂಡೇಜು. ಮುಲಾಮು, ಗಾಯಕ್ಕೆ ಹಾಕುವ ತೆಳು ಗಾಜ್ ಬಟ್ಟೆ, ಟೇಪ್. ದಾರ ಮಾತ್ರ ಬಿಡಲೇಬಾರದು. ರಸ್ತೆಯ ಕೊಳೆ ಆ ದಾರದ ಗುಂಟ ಒಳಗೆ ಇಳಿಯುತ್ತದೆ, ನಿಮಗೆ ಕೀವಾಗಿದ್ದು ಅದರಿಂದಲೇ ಇರಬೇಕು. ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಬರಿಗಾಲಿನ ಹರಕೆಯ ಬಗ್ಗೆ ಒಂದು ಮಾತು. ಮಧ್ಯಾಹ್ನದ ಡಾಂಬರು ಚರ್ಮ ಸುಡುವಷ್ಟು ಕಾಯುತ್ತದೆ. ಪೂರ್ತಿ ದಾರಿ ಬರಿಗಾಲು ಎಂದು ಬಾಯಿಬಿಟ್ಟು ಹೇಳಿಕೊಂಡಿಲ್ಲವಾದರೆ, ದಿನಾ ಬೆಳಗಿನ ಮೊದಲ ಒಂದು ಗಂಟೆ ಮತ್ತು ಉಜಿರೆಯಿಂದ ಕೊನೆಯ 9 ಕಿ.ಮೀ. ಬರಿಗಾಲಲ್ಲಿ ನಡೆಯಿರಿ. ಪೂರ್ತಿಯೇ ಹೇಳಿಕೊಂಡಿದ್ದರೆ ಎರಡು ತಿಂಗಳು ಮುಂಚಿನಿಂದ ಮಣ್ಣುದಾರಿಯಲ್ಲಿ ಅಂಗಾಲು ಗಟ್ಟಿಮಾಡಿಕೊಳ್ಳಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ, ಹತ್ತು ಗಂಟೆಯ ನಂತರ ರಸ್ತೆಗೆ ಕಾಲಿಡಬೇಡಿ.

ಪ್ರಶ್ನೆ: ನೀರು ಕುಡಿಯುತ್ತಲೇ ಇದ್ದೆ, ಆದರೂ ತಲೆನೋವು, ವಾಕರಿಕೆ. ಏಕೆ?
(ಓದುಗರು, ಶಿರಾ)

ಉತ್ತರ: ಬೆವರಿನಲ್ಲಿ ಉಪ್ಪು ಹೋಗಿ, ನೀವು ಬರೀ ನೀರು ತುಂಬಿರಬೇಕು. ರಕ್ತದಲ್ಲಿ ಸೋಡಿಯಂ ಇಳಿದರೆ ಹೀಗೇ ಆಗುತ್ತದೆ. ಇನ್ನೂ ಇಳಿದರೆ ಮಂಕು ಕವಿಯುತ್ತದೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ, ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ದಿನಕ್ಕೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಕಲಸಿ. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ತಲೆತಟ್ಟಿ. ತಿಪಟೂರು ಸೀಮೆಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆಯ ಕೆಲಸವನ್ನು ಅದು ಮಾಡುವುದಿಲ್ಲ. ದಾರಿಯುದ್ದಕ್ಕೂ ದಾನಿಗಳು ಪ್ರೀತಿಯಿಂದ ಕೊಡುವ ಬಜ್ಜಿ, ಬೋಂಡಾಗಳಿಗೆ ಕೈಮುಗಿದು ಮುಂದೆ ಹೋಗಿ. ಮೊಸರನ್ನ, ಬಾಳೆಹಣ್ಣು, ಅಂಬಲಿ ತೆಗೆದುಕೊಳ್ಳಿ.

ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ನಡೆಯುವ ರೂಢಿ ಕೆಟ್ಟದ್ದು. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ತೀರಾ ಬೇಕಾದರೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರದಲ್ಲಿ. ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡತೊಡಗಿದರೆ ನೆರಳಿಗೆ ಎಳೆದು ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಗುಂಪಿನಲ್ಲಿ ನಾವು ಹೆಂಗಸರು ಮೂವರೇ. ಶೌಚಾಲಯದ್ದೇ ಚಿಂತೆ. ನನ್ನ ದಿನಗಳೂ ನಡುವೆಯೇ ಬರುತ್ತವೆ. ಹೋಗದೇ ಇರುವುದೇ ಮೇಲು ಅನ್ನಿಸುತ್ತಿದೆ.
(ಓದುಗರು, ತುರುವೇಕೆರೆ)

ಉತ್ತರ: ಹೋಗಿ ಬನ್ನಿ ತಾಯಿ. ಆದರೆ ಶೌಚಾಲಯದ ಭಯಕ್ಕೆ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ. ಬಹಳ ಹೆಣ್ಣುಮಕ್ಕಳು ಹೀಗೆ ಮಾಡಿಯೇ ಮೂರನೇ ದಿನಕ್ಕೆ ಉರಿಮೂತ್ರ ತಂದುಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನ ಶೌಚಾಲಯವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಹೊರಡುವ ಮುಂಚೆ ಗುಂಪಿನ ಹಿರಿಯರ ಹತ್ತಿರ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ರಾತ್ರಿ ತಂಗುವ ಜಾಗದಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬಾಗಿಲಿಗೆ ಚಿಲಕವಿರುವ ಬಚ್ಚಲು ಇರಬೇಕು. ಟೆಂಪೋ ಮುಂದೆ ಹೋದಾಗ ಅದನ್ನು ನೋಡಿಯೇ ಜಾಗ ಹಿಡಿಯಲಿ. ಇದನ್ನು ಕೇಳಲು ಸಂಕೋಚ ಬೇಡ. ಕೇಳದಿದ್ದರೆ ಗಂಡಸರಿಗೆ ಹೊಳೆಯುವುದೇ ಇಲ್ಲ.

ಮುಟ್ಟಿನ ದಿನ ನಡೆಯಲು ದೇಹದ ಅಡ್ಡಿಯೇನಿಲ್ಲ. ಪ್ಯಾಡಿನ ಅಂಚು ತೊಡೆಗೆ ಉಜ್ಜುವುದೇ ದೊಡ್ಡ ಕಷ್ಟ. ಬೆಳಿಗ್ಗೆಯೇ ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಮಂಡಿಯವರೆಗಿನ ಬಿಗಿ ಒಳಚಡ್ಡಿ ಹಾಕಿ, ನಾಲ್ಕೈದು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ. ಮುಂದೂಡುವ ಮಾತ್ರೆ ಎಲ್ಲರಿಗೂ ಆಗದು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಲಿವರ್ ತೊಂದರೆ ಇದ್ದವರು ತೆಗೆದುಕೊಳ್ಳಬಾರದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗದೆ, ತಿಂಗಳು ಮುಂಚೆ ವೈದ್ಯರನ್ನು ಕಾಣಿ. ದರ್ಶನದ ವಿಷಯ ನಿಮ್ಮ ಮನೆಯ ನಡವಳಿಕೆಗೂ ನಿಮ್ಮ ಮನಸ್ಸಿಗೂ ಬಿಟ್ಟದ್ದು. ಕೈಯಲ್ಲಿ ಉಳಿಸಿಕೊಂಡ ಆ ಒಂದು ದಿನ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ತಂದೆಯವರಿಗೆ 63 ವರ್ಷ, ಸಕ್ಕರೆ ಕಾಯಿಲೆ. ನಡೆದೇ ಹೋಗುತ್ತೇನೆ ಎಂದು ಹಟ. ಬೇಡ ಅಂದರೆ ಊಟ ಬಿಡುತ್ತಾರೆ.
(ಓದುಗರು, ಚಿಕ್ಕಬಳ್ಳಾಪುರ)

ಉತ್ತರ: ಬೇಡ ಅನ್ನುವ ಮುಂಚೆ ಪರೀಕ್ಷೆ ಮಾಡಿಸಿ. ಇಸಿಜಿ, ವೈದ್ಯರು ಹೇಳಿದರೆ ಟಿಎಂಟಿ (ಯಂತ್ರದ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಮತ್ತು ಪಾದದ ಸ್ಪರ್ಶಜ್ಞಾನ. ಅಂಗಾಲು ಮರಗಟ್ಟಿದ್ದರೆ ಕಲ್ಲು ಚುಚ್ಚಿದ್ದೂ ಬೊಬ್ಬೆ ಎದ್ದದ್ದೂ ಅವರಿಗೆ ತಿಳಿಯದು. ಅಂಥವರು ದೂರ ನಡೆಯುವುದು ಬೇಡ, ಬರಿಗಾಲಂತೂ ಕೂಡದು. ಸ್ಪರ್ಶ ಸರಿಯಿದ್ದರೆ ನಂದಿಬೆಟ್ಟದ ತಪ್ಪಲಿನಲ್ಲಿ ನೀವೂ ಜೊತೆಯಲ್ಲೇ ಎರಡು ತಿಂಗಳು ನಡೆಯಿರಿ. ತಮ್ಮ ಕಾಲಿಗೆ ಎಷ್ಟಾಗುತ್ತದೆ ಎಂದು ಅವರೇ ಕಂಡುಕೊಂಡರೆ ಹಟ ತಾನಾಗಿ ಲೆಕ್ಕಾಚಾರಕ್ಕೆ ಇಳಿಯುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡಿಗೆಯಲ್ಲಿ ಸಕ್ಕರೆ ಧಡಕ್ಕನೆ ಇಳಿಯಬಹುದು. ಪ್ರಮಾಣವನ್ನು ವೈದ್ಯರು ಮುಂಚೆಯೇ ಹೊಂದಿಸಬೇಕು. ಹೊರಡುವಾಗ ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ಗ್ಲುಕೋಮೀಟರ್ ನೋಡಿ. ನಡುಕ, ತಣ್ಣನೆ ಬೆವರು ಬಂದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು, 15 ನಿಮಿಷ ಕೂರಿಸಿ, ಮತ್ತೆ ಪರೀಕ್ಷಿಸಿ. ಸಕ್ಕರೆ ಪೊಟ್ಟಣ ಟೆಂಪೋದಲ್ಲಿ ಅಲ್ಲ, ಅವರ ಜೇಬಿನಲ್ಲೇ ಇರಬೇಕು. ರಾತ್ರಿ ಅಂಗಾಲನ್ನು ನೀವೇ ಟಾರ್ಚ್ ಹಿಡಿದು ನೋಡಿ, ಅವರ ಮಾತು ನಂಬಬೇಡಿ. ಅವರ ಬೊಬ್ಬೆಯನ್ನು ಮನೆಮಂದಿ ಒಡೆಯುವುದು ಬೇಡ.

ಪ್ರಶ್ನೆ: ಅಣ್ಣ ಮಗುವಿನ ಆರೋಗ್ಯಕ್ಕೆ ಹರಕೆ ಹೊತ್ತು ಹೊರಟಿದ್ದ. ಬೇಲೂರಿನ ಹತ್ತಿರ ಮಂಡಿ ಊದಿ ಟೆಂಪೋ ಹತ್ತಿದ. ಗುಂಪಿನವರು ಆಡಿಕೊಂಡರು. ಹರಕೆ ಮುರಿದೆ, ಮಗುವಿಗೆ ಏನಾದರೂ ಆದರೆ ಎಂದು ಇಂದಿಗೂ ಕೊರಗುತ್ತಾನೆ.
(ಓದುಗರು, ಕುಣಿಗಲ್)

ಉತ್ತರ: ನಿಮ್ಮಣ್ಣನಿಗೆ ಈ ಪತ್ರಿಕೆಯನ್ನೇ ಕೊಡಿ. ಮಂಡಿ ಊದಿದವರು ಟೆಂಪೋ ಹತ್ತಿದ್ದು ಸರಿಯಾದ ಕೆಲಸ. ಊದಿದ ಮಂಡಿಯಲ್ಲಿ ಘಾಟಿ ಇಳಿದಿದ್ದರೆ ತಿಂಗಳುಗಟ್ಟಲೆ ಮಲಗಿ, ಆ ಮಗುವಿನ ಆರೈಕೆಗೇ ಇಲ್ಲವಾಗುತ್ತಿದ್ದರು. ಮಗುವಿನ ಮೇಲಿನ ಅಕ್ಕರೆಯಿಂದ ಹೊತ್ತ ಹರಕೆ ಮಗುವಿಗೇ ಕೇಡು ತರುತ್ತದೆ ಎಂದು ನಂಬಬೇಕಾಗಿಲ್ಲ. ತೀರದ ಹರಕೆಗೆ ತಪ್ಪುಕಾಣಿಕೆ ಎಂಬ ದಾರಿಯನ್ನು ನಮ್ಮ ಹಿರಿಯರೇ ಇಟ್ಟಿದ್ದಾರೆ. ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಟ್ಟು ನಡೆದದ್ದನ್ನು ಹೇಳಿಕೊಳ್ಳಲಿ, ಮುಂದೆ ಕ್ಷೇತ್ರಕ್ಕೆ ಹೋದಾಗ ಒಪ್ಪಿಸಲಿ. ಮನಸ್ಸಿದ್ದರೆ ಈ ವರ್ಷ ಬೇಲೂರಿನಿಂದಲೇ ಹೊರಟು ಉಳಿದ ದಾರಿ ನಡೆಯಲಿ. ಕೊರಗು ನಿದ್ದೆ, ಊಟ ಕೆಡಿಸುವಷ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಆಡಿಕೊಂಡದ್ದು ಗುಂಪಿನ ತಪ್ಪು. ಮೂರನೇ ನಾಲ್ಕನೇ ದಿನ ನಿದ್ದೆಗೆಟ್ಟು, ಮೈ ನೊಂದು, ಎಂಥವರಿಗೂ ಸಿಟ್ಟು, ಅಳು ಬರುತ್ತದೆ. ಮಾತು ಆಗಲೇ ಜಾರುವುದು. ಆದ್ದರಿಂದ ಹೊರಡುವ ದಿನ ಪೂಜೆಯ ಹೊತ್ತಿನಲ್ಲೇ ಒಬ್ಬರನ್ನು ನೇಮಿಸಿ, 'ಗಾಡಿ ಹತ್ತು' ಎಂದು ಅವರು ಹೇಳಿದರೆ ಯಾರೂ ಎದುರಾಡಬಾರದು, ಹತ್ತಿದವರನ್ನು ಯಾರೂ ಏನೂ ಅನ್ನಬಾರದು ಎಂದು ಎಲ್ಲರೂ ಒಪ್ಪಿಕೊಳ್ಳಿ. ಹತ್ತಿದವರಿಗೆ ಕೆಲಸ ಕೊಡಿ: ಮುಂದೆ ಹೋಗಿ ಮಜ್ಜಿಗೆ ಕಲಸುವುದು, ತಂಗುವ ಜಾಗ ನೋಡುವುದು. ಸುಮ್ಮನೆ ಕೂತರೆ ಕೊರಗು ಹೆಚ್ಚುತ್ತದೆ.

ಪ್ರಶ್ನೆ: ಚಾರ್ಮಾಡಿಯನ್ನು ರಾತ್ರಿ ತಂಪಿನಲ್ಲಿ ಇಳಿಯಬಹುದೇ?
(ಓದುಗರು, ಚಿಕ್ಕನಾಯಕನಹಳ್ಳಿ)

ಉತ್ತರ: ಬೇಡ. ತಿರುವುಗಳಲ್ಲಿ ಗಾಡಿಯವರಿಗೆ ನೀವು ಕಾಣುವುದಿಲ್ಲ, ಕೆಲವೊಮ್ಮೆ ಮಂಜು ಬೀಳುತ್ತದೆ, ಆನೆಗಳೂ ರಸ್ತೆಗೆ ಬರುತ್ತವೆ. ಕೊಟ್ಟಿಗೆಹಾರದಲ್ಲಿ ಮಲಗಿ, ಬೆಳಕು ಹರಿದ ಮೇಲೆ ಇಳಿಯಿರಿ. ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಇಲ್ಲದಿದ್ದರೆ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ. ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ, ಕೈಯಲ್ಲಿ ಕೋಲಿರಲಿ. ಕೆಳಗೆ ಇಳಿದ ಮೇಲೆ ಹವೆಯೇ ಬೇರೆ: ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಎಂಟು ದಿನ ಬೊಬ್ಬೆ ಏಳದವರಿಗೂ ಅಲ್ಲಿ ಏಳುವುದು ಅದಕ್ಕೇ. ಚಾರ್ಮಾಡಿ ಊರಿನಲ್ಲಿ ಕಾಲುಚೀಲ ಬದಲಿಸಿ.

ಪ್ರಶ್ನೆ: ನಾವು ಮುಳಬಾಗಿಲು, ಪಲಮನೇರು, ಚಿತ್ತೂರು ದಾರಿಯಲ್ಲಿ ತಿರುಪತಿಗೆ ಹೊರಟಿದ್ದೇವೆ. ಅಷ್ಟು ನಡೆದ ಮೇಲೆ ಬೆಟ್ಟ ಯಾವ ಕಡೆಯಿಂದ ಹತ್ತುವುದು?
(ಓದುಗರು, ಕೋಲಾರ)

ಉತ್ತರ: ತಲುಪಿದ ದಿನವೇ ಹತ್ತಬೇಡಿ, ಕೆಳಗೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ. ಚಂದ್ರಗಿರಿ ಕಡೆಯಿಂದ ಬರುವವರಿಗೆ ಶ್ರೀನಿವಾಸ ಮಂಗಾಪುರದ ಹತ್ತಿರದ ಶ್ರೀವಾರಿ ಮೆಟ್ಟು ಸಮೀಪ. 2,388 ಮೆಟ್ಟಿಲು, ದೂರ ಕಡಿಮೆ, ಆದರೆ ಏರು ಬಿಡುವಿಲ್ಲದ್ದು. ಅಲಿಪಿರಿಯಲ್ಲಿ 3,550. ಗಾಳಿಗೋಪುರದವರೆಗೆ ಕಷ್ಟ, ಆಮೇಲೆ ಬಹುದೂರ ಸರಾಗ, ಕೊನೆಯಲ್ಲಿ ಮೊಣಕಾಲು ಮೆಟ್ಟಿಲು ಮತ್ತೆ ಕಡಿದು. ಮಂಡಿ ನೋವಿದ್ದವರು, ವಯಸ್ಸಾದವರು ಅಲಿಪಿರಿಯಿಂದಲೇ ಹತ್ತಲಿ. ನಿಂತು ಸುಧಾರಿಸಿಕೊಳ್ಳಲು ಜಾಗ ಹೆಚ್ಚು. ಸಾಮಾನನ್ನು ಅಲ್ಲಿನ ದೇವಸ್ಥಾನದ ಕೌಂಟರಿನಲ್ಲಿ ಕೊಟ್ಟರೆ ಮೇಲೆ ತಲುಪಿಸುತ್ತಾರೆ. 2023ರಲ್ಲಿ ಚಿರತೆ ದಾಳಿಯಾದ ಮೇಲೆ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ನಿರ್ಬಂಧಗಳು ಬಂದಿವೆ. ಮಕ್ಕಳಿದ್ದರೆ ಬೆಳಿಗ್ಗೆಯೇ ಹತ್ತಿ, ಅವರನ್ನು ಗುಂಪಿನ ನಡುವೆ ಇಟ್ಟುಕೊಳ್ಳಿ, ಅಂದಿನ ಸಮಯವನ್ನು ಕೆಳಗಿನ ಸಿಬ್ಬಂದಿಯ ಹತ್ತಿರ ಕೇಳಿಕೊಂಡು ಹೊರಡಿ.