ಬೆಟ್ಟದ ಗಾಳಿಗೂ ಹೊತ್ತುಗೊತ್ತಿದೆ, ಮೇಷ್ಟ್ರೇ

ದಾವಣಗೆರೆ ಕಡೆಯ ಪ್ರೌಢಶಾಲೆಯೊಂದರ ಪಿ.ಇ. ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಇವರು ಪ್ರತಿವರ್ಷ ಮಕ್ಕಳನ್ನು ಡಿಸೆಂಬರಿನಲ್ಲಿ ಮಲ್ಪೆ ಕಡೆಗೆ ಓಟದ ಶಿಬಿರಕ್ಕೆ, ಜನವರಿಯಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಿಗೆ ಚಾರಣಕ್ಕೆ ಕರೆದುಕೊಂಡು ಹೋಗುತ್ತಾರೆ. ಈ ಸಲ ಬೇಸಿಗೆ ರಜೆಯಲ್ಲಿ ಉತ್ತರಾಖಂಡಕ್ಕೂ ಹೋಗುವ ಯೋಚನೆ ಇದೆ. ತಂಡದ ಒಬ್ಬ ಹುಡುಗಿಗೆ ಉಬ್ಬಸ. "ಬೆಟ್ಟದ ಗಾಳಿ ಕುಡಿದರೆ ವಾಸಿ ಆಗುತ್ತೆ, ಕರ್ಕೊಂಡು ಹೋಗಿ" ಎಂದು ಅವಳ ಅಜ್ಜಿ ಕಳಿಸಿದ್ದರಂತೆ. ಆದರೆ ಹೋದ ಜನವರಿಯಲ್ಲಿ ಹೋಂಸ್ಟೇಯಲ್ಲಿ ಮಗು ರಾತ್ರಿಯಿಡೀ ಕೆಮ್ಮಿತು. ಮೊಬೈಲಿನಲ್ಲಿ ನೋಡಿದರೆ ಒಂದು ಆ್ಯಪ್ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ) 95 ಅಂತ ತೋರಿಸಿತು, ಇನ್ನೊಂದು 150 ಅಂತ. "ಯಾವುದನ್ನು ನಂಬಲಿ? ಬೆಟ್ಟ, ಕಡಲು ಅಂದರೆ ಒಳ್ಳೆ ಗಾಳಿ ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಾ?" ಇದು ಅವರ ಪ್ರಶ್ನೆ.

ಮೇಷ್ಟ್ರೇ, ನಮಸ್ಕಾರ.

ಸುಳ್ಳಲ್ಲ. ಆದರೆ ನೀವು ಮಕ್ಕಳಿಗೆ ಜಾಗ ಯಾವುದು ಅಂತ ಮಾತ್ರ ಹೇಳಿದ್ದೀರಿ, ಯಾವ ತಿಂಗಳು, ದಿನದ ಯಾವ ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದನ್ನು ಬಿಟ್ಟಿದ್ದೀರಿ. ಒಂದೇ ಬೆಟ್ಟ ಜುಲೈನಲ್ಲಿ ಒಂದು ಥರ, ಮಾರ್ಚಿನಲ್ಲಿ ಇನ್ನೊಂದು ಥರ. ಒಂದೇ ಕಡಲತೀರ ಬೆಳಿಗ್ಗೆ ಆರಕ್ಕೆ ಒಂದು ಥರ, ಸಂಜೆ ಐದಕ್ಕೆ ಮತ್ತೊಂದು ಥರ. ಶಿಬಿರದ ದಿನ ಗೊತ್ತು ಮಾಡುವಾಗ ಇದೇ ಮುಖ್ಯ ಅಂತ ನನ್ನ ಖಚಿತ ಅಭಿಪ್ರಾಯ.

ಮೊದಲು ಆ 95 ಮತ್ತು 150ರ ಗೊಂದಲ ಬಿಡಿಸೋಣ. ಎರಡೂ ಆ್ಯಪ್ ಸರಿಯಾಗಿಯೇ ಹೇಳಿರಬಹುದು. ಪಿಎಂ 2.5 ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲಿನಷ್ಟು. ಶ್ವಾಸಕೋಶದ ತಳದವರೆಗೂ ಇಳಿಯುವುದು ಇವೇ. ಒಂದು ಘನ ಮೀಟರ್ ಗಾಳಿಯಲ್ಲಿ ಇವು 57 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಲೆಕ್ಕದಲ್ಲಿ ಎಕ್ಯೂಐ 95 ಆಗುತ್ತದೆ, ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ. ಗಾಳಿ ಒಂದೇ, ಅಳತೆಯ ಪಟ್ಟಿ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ನಮ್ಮ ಪಟ್ಟಿ ಬಳಸುತ್ತದೆ, ಹೊರಗಿನ ಆ್ಯಪ್‌ಗಳು ಸಾಮಾನ್ಯವಾಗಿ ಅಮೆರಿಕದ್ದು.

ಇದರಲ್ಲಿ ನನಗೆ ಬೇಸರ ಆಗುವ ಸಂಗತಿ ಒಂದಿದೆ. ನಮ್ಮ ಪಟ್ಟಿಯಲ್ಲಿ 30 ಮೈಕ್ರೋಗ್ರಾಂವರೆಗೂ 'ಉತ್ತಮ' ಎನ್ನುವ ಹಸಿರು ಬಣ್ಣ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಒಂದು ದಿನದ ಮಿತಿ 15. ಅಂದರೆ ಅದರ ಎರಡು ಪಟ್ಟು ಇದ್ದರೂ ನಮ್ಮಲ್ಲಿ ಹಸಿರೇ. ಸುಮ್ನೆ ಮನೆಯಲ್ಲಿ ಕೂತವರಿಗೆ ಅದು ನಡೆಯಬಹುದೇನೋ, ಓಡುವ ಮಗುವಿಗೆ ಆ ಪಟ್ಟಿ ಸಾಲದು. ಕೂತಾಗ ದೊಡ್ಡವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಜೋರಾಗಿ ಓಡುವಾಗ ಅದು 60 ಲೀಟರ್ ದಾಟುತ್ತದೆ, ಪಳಗಿದ ಓಟಗಾರರಲ್ಲಿ 100ಕ್ಕೂ ಮೇಲೆ ಹೋಗುತ್ತದೆ. ಅದೂ ಬಾಯಲ್ಲಿ ಎಳೆದುಕೊಳ್ಳುತ್ತಾರೆ, ಮೂಗು ಹಿಡಿದಿಡುವಷ್ಟನ್ನೂ ತಪ್ಪಿಸಿಕೊಂಡು ಹೊಗೆ ನೇರ ಒಳಗೆ ಹೋಗುತ್ತದೆ. ಹಾಗಾಗಿ ಬಣ್ಣ ನೋಡಬೇಡಿ. ಆ್ಯಪ್ ಒಳಗೆ ಹೋಗಿ ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ಸಮೀರ್ ತೋರಿಸುವ ಎಕ್ಯೂಐ ಹಿಂದಿನ 24 ಗಂಟೆಯ ಸರಾಸರಿ ಅನ್ನುವುದೂ ನೆನಪಿರಲಿ. ಈಗ ತಾನೇ ಪಕ್ಕದ ಗುಡ್ಡಕ್ಕೆ ಬೆಂಕಿ ಬಿದ್ದಿದ್ದರೆ ಅದರಲ್ಲಿ ಕಾಣಿಸುವಷ್ಟರಲ್ಲಿ ನಿಮ್ಮ ಮಕ್ಕಳು ಆ ಹೊಗೆಯಲ್ಲೇ ಹತ್ತಿ ಇಳಿದಿರುತ್ತಾರೆ.

ಇನ್ನೊಂದು ವಿಷಯ. ಆ್ಯಪ್ ಮುಳ್ಳಯ್ಯನಗಿರಿ ಅಂತ ಹೆಸರು ಹಾಕಿ ಅಂಕಿ ಕೊಟ್ಟ ಮಾತ್ರಕ್ಕೆ ಅದು ಬೆಟ್ಟದ ಮೇಲೆ ಅಳೆದದ್ದು ಅಂತ ಅಲ್ಲ. ಚಿಕ್ಕಮಗಳೂರು ಊರೊಳಗೆ ಕಲ್ಯಾಣನಗರದಲ್ಲಿ, ಮಡಿಕೇರಿಯಲ್ಲಿ ಸ್ಟುವರ್ಟ್ ಹಿಲ್‌ನಲ್ಲಿ, ಮಂಗಳೂರಿನಲ್ಲಿ ಕದ್ರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರಗಳಿವೆ. ಅವುಗಳಿಂದ ದೂರ ಹೋದಷ್ಟೂ ಆ್ಯಪ್ ಉಪಗ್ರಹ ಮತ್ತು ಕಂಪ್ಯೂಟರ್ ಲೆಕ್ಕದ ಅಂದಾಜಿನ ಮೇಲೆ ನಿಲ್ಲುತ್ತದೆ. ಕೈಯಲ್ಲಿ ಹಿಡಿಯುವ ಅಗ್ಗದ ಮೀಟರ್ ಕೊಳ್ಳೋಣ ಅಂದರೆ, ಅದು ಲೇಸರ್ ಬೆಳಕಿನಲ್ಲಿ ಕಣಗಳನ್ನು ಎಣಿಸುತ್ತದೆ, ಮಂಜು ಕವಿದಾಗ ನೀರಿನ ಹನಿಗಳನ್ನೂ ಸೇರಿಸಿ ಎಣಿಸಿಬಿಡುತ್ತದೆ. ಮಲೆನಾಡಿನ ಮುಂಜಾನೆ ಅದು 200 ತೋರಿಸಿದರೂ ಗಾಬರಿ ಆಗಬೇಕಿಲ್ಲ. ಬಿಸಿಲು ಬಂದು ಮಂಜು ಕರಗಿದ ಮೇಲೆ ಮತ್ತೆ ನೋಡಿ.

ಕಣ್ಣು ಮೂಗು ಕೂಡ ನಂಬಿಕೆಗೆ ಅರ್ಹವೇ. ಮಂಜು ಬೆಳ್ಳಗೆ, ಒದ್ದೆಯಾಗಿ ಇರುತ್ತದೆ, ಮುಖಕ್ಕೆ ತಣ್ಣಗೆ ತಾಗುತ್ತದೆ. ಹೊಗೆಯ ಮಬ್ಬು ಒಣಗಿರುತ್ತದೆ, ದೂರದ ಅಂಚಿನಲ್ಲಿ ಕಂದು ಪಟ್ಟಿಯ ಹಾಗೆ ನಿಲ್ಲುತ್ತದೆ, ಮಧ್ಯಾಹ್ನ ಆದರೂ ಹೋಗುವುದಿಲ್ಲ.

ಈಗ ನಿಮ್ಮ ಹುಡುಗಿಯ ಆ ಜನವರಿ ರಾತ್ರಿಗೆ ಬರುತ್ತೇನೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ಕಣಿವೆಯ ತಳ ಸೇರುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಕೆಳಗೆ ಏನು ಹೊಗೆ ಎದ್ದರೂ ಅಲ್ಲೇ ಸುತ್ತುತ್ತಿರುತ್ತದೆ. ಹೋಂಸ್ಟೇಗಳು ಇರುವುದು ಹೆಚ್ಚಾಗಿ ಆ ತಗ್ಗಿನಲ್ಲೇ, ತೋಟದ ನಡುವೆ. ಅಲ್ಲಿ ರಾತ್ರಿ ಏನಿರುತ್ತದೆ? ಕ್ಯಾಂಪ್ ಫೈರ್, ಹಂಡೆ ಒಲೆಯ ಹೊಗೆ, ಒಟ್ಟು ಹಾಕಿ ಸುಟ್ಟ ತರಗೆಲೆ, ಹಗಲು ಜೀಪುಗಳು ಎಬ್ಬಿಸಿದ ಧೂಳು. ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ಅವತ್ತು ಬೆಂಕಿ ಹಾಕಿ ಮಕ್ಕಳೆಲ್ಲ ಸುತ್ತ ಕೂತಿದ್ದರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಹಸಿ ಸೌದೆಯ ಹೊಗೆ ಉಬ್ಬಸ ಇರುವ ಮಗುವಿಗೆ ನಗರದ ಬಸ್ ಹೊಗೆಗಿಂತ ಕಡಿಮೆ ಏನಲ್ಲ. ನನ್ನನ್ನು ಕೇಳಿದರೆ ಶಾಲೆಯ ಶಿಬಿರಗಳಲ್ಲಿ ಕ್ಯಾಂಪ್ ಫೈರ್ ಬೇಡವೇ ಬೇಡ. ಹಾಡು, ಕತೆ ಒಂದು ಲಾಟೀನಿನ ಸುತ್ತಲೂ ಆಗುತ್ತದೆ. ಸಾಧ್ಯವಾದರೆ ತಗ್ಗಿನ ಮನೆಗಿಂತ ಸ್ವಲ್ಪ ಎತ್ತರದ, ಗಾಳಿಯಾಡುವ ಕಡೆ ಉಳಿಯಿರಿ. ಜನವರಿ ಮುಂಜಾನೆ ಬೆಟ್ಟದ ನೆತ್ತಿಯಿಂದ ಕೆಳಗೆ ನೋಡಿದರೆ ಆ ಹೊಗೆಯ ಪದರ ಗೆರೆ ಎಳೆದಂತೆ ಕಾಣುತ್ತದೆ, ಅದರ ಮೇಲೆ ನೀಲಿ ಆಕಾಶ. ಮಕ್ಕಳಿಗೆ ಅದನ್ನು ತೋರಿಸಿ, ಪಾಠ ಅಲ್ಲೇ ಆಗುತ್ತದೆ.

ಬೆಂಕಿಯ ಮಾತು ಬಂತಲ್ಲ, ಒಂದು ಕಡೆ ನಾನು ತುಂಬಾ ಗಟ್ಟಿಯಾಗಿ ಹೇಳಬೇಕು. ಚಳಿ ಅಂತ ಮುಚ್ಚಿದ ಟೆಂಟ್ ಒಳಗೆ ಸ್ಟೋವ್ ಹಚ್ಚುವುದು, ಕೋಣೆಯೊಳಗೆ ಇದ್ದಿಲ ಕೆಂಡ ಅಥವಾ ಗ್ಯಾಸ್ ಹೀಟರ್ ಇಟ್ಟು ಬಾಗಿಲು ಹಾಕಿಕೊಳ್ಳುವುದು, ಇದನ್ನು ಯಾರೂ ಮಾಡಬಾರದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗುಡ್ಡದೂರಿನಲ್ಲಿ ಕೇರಳದಿಂದ ಹೋದ ಎಂಟು ಪ್ರವಾಸಿಗರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು, ಹೀಟರ್ ಹಚ್ಚಿದ್ದ ಕೋಣೆಯಲ್ಲಿ ಮಲಗಿದವರು ಏಳಲಿಲ್ಲ. ಮುಚ್ಚಿದ ಕಡೆ ಬೆಂಕಿ ಉರಿದಾಗ ತುಂಬಿಕೊಳ್ಳುವ ವಿಷದ ಅನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿಮ್ಮ ಕೋಣೆಯಲ್ಲಿ ಅದು ಎಷ್ಟಿದೆ ಅಂತ ಗಾಳಿಯ ಆ್ಯಪ್ ಹೇಳುವುದಿಲ್ಲ.

ಉತ್ತರಾಖಂಡದ ವಿಷಯ. ಏಪ್ರಿಲ್ ಮೇ ಬೇಡ ಅಂತ ನನ್ನ ಸಲಹೆ. ಅಲ್ಲಿ ಅರಣ್ಯ ಇಲಾಖೆಯೇ ಫೆಬ್ರವರಿ 15ರಿಂದ ಜೂನ್ 15ರವರೆಗೆ ಕಾಡ್ಗಿಚ್ಚಿನ ಕಾಲ ಅಂತ ಗುರುತಿಸುತ್ತದೆ. ಸುಮಾರು 1000ದಿಂದ 2000 ಮೀಟರ್ ಎತ್ತರದ ಗುಡ್ಡಗಳಲ್ಲಿ ಚೀಡ್ ಪೈನ್ ಮರಗಳು ಜಾಸ್ತಿ. ಉದುರಿದ ಅದರ ಸೂಜಿ ಎಲೆಗಳಿಗೆ ಅಲ್ಲಿಯವರು ಪಿರೂಲ್ ಅನ್ನುತ್ತಾರೆ, ಅದು ರಾಳ ತುಂಬಿದ ಒಣಹುಲ್ಲಿನಂಥದ್ದು, ಕಿಡಿ ತಾಗಿದರೆ ಸಾಕು. 2016ರಲ್ಲಿ ದೊಡ್ಡದಾಗಿ ಹತ್ತಿತ್ತು. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಸುತ್ತ ಬೆಂಕಿ ಹಬ್ಬಿ, ವಾಯುಪಡೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯಿಂದ ನೀರೆತ್ತಿ ಸುರಿಯಬೇಕಾಯಿತು. ನಿಮ್ಮ ಚಾರಣ 3500 ಮೀಟರ್ ಮೇಲೆ ಇದ್ದರೂ ಆ ಪೈನ್ ಪಟ್ಟಿಯನ್ನು ದಾಟಿಯೇ ಹೋಗಬೇಕು. ಮೇಲೆ ಹೋದ ಮೇಲೂ ತಪ್ಪಿಸಿಕೊಂಡೆವು ಅಂತಿಲ್ಲ, ಯಾಕೆಂದರೆ ಬಿಸಿಲೇರಿದಂತೆ ಕಣಿವೆಯ ಗಾಳಿ ಇಳಿಜಾರು ಹತ್ತಿ ಮೇಲೆ ಬರುತ್ತದೆ, ಹೊಗೆಯನ್ನೂ ತರುತ್ತದೆ. ಎವರೆಸ್ಟ್ ಬುಡದ ಹತ್ತಿರ 5079 ಮೀಟರ್ ಎತ್ತರದಲ್ಲಿ 'ಪಿರಮಿಡ್' ಅಂತ ಕರೆಯುವ ಕೇಂದ್ರವಿದೆ. ಅಲ್ಲಿ 2006ರಿಂದ ಅಳೆದಾಗ ಕಂಡದ್ದೂ ಇದೇ: ಮುಂಗಾರಿಗೆ ಮುಂಚಿನ ತಿಂಗಳುಗಳ ಮಧ್ಯಾಹ್ನ ಮಸಿ ಕಣಗಳು ಅಷ್ಟೆತ್ತರಕ್ಕೂ ಏರಿ ಬರುತ್ತವೆ. ಅದರ ಮೇಲೆ, 3500 ಮೀಟರ್‌ನಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರನೇ ಎರಡು ಪಾಲಿನಷ್ಟೇ, ಮಕ್ಕಳು ಅದೇ ಆಮ್ಲಜನಕಕ್ಕೆ ಹೆಚ್ಚು ಗಾಳಿ ಎಳೆಯಬೇಕು. ನೇಪಾಳವಂತೂ 2021ರ ಮಾರ್ಚ್ ಕೊನೆಯಲ್ಲಿ ಹೊಗೆ ತಡೆಯಲಾರದೆ ನಾಲ್ಕು ದಿನ ಶಾಲೆಗಳನ್ನೇ ಮುಚ್ಚಿತ್ತು.

ನಿಮ್ಮ ಕೈಲಿ ದಸರಾ ರಜೆ ಇದೆ ಅಲ್ವಾ? ಅಕ್ಟೋಬರ್ ಮೊದಲ ಎರಡು ವಾರ ಅಲ್ಲಿ ಮಳೆ ತೊಳೆದ ಗಾಳಿ ಇರುತ್ತದೆ, ಹಿಮದ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಇನ್ನೂ ತಡ ಮಾಡಿದರೆ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವುದು ಜೋರಾಗುತ್ತದೆ, ತಪ್ಪಲಿನ ಊರುಗಳು ಮಸುಕಾಗುತ್ತವೆ. ರೈಲು ದೆಹಲಿ ಮೇಲೇ ಹೋಗುವುದರಿಂದ ಅದೂ ಲೆಕ್ಕಕ್ಕೆ ಬರಬೇಕು.

ಕಡಲ ಕಡೆಯ ಶಿಬಿರಕ್ಕೆ ಇಷ್ಟು ಉದ್ದ ಹೇಳಬೇಕಿಲ್ಲ. ಡಿಸೆಂಬರಿನಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಊರಿನ ಹೊಗೆ, ಸುಟ್ಟ ಕಸದ ಹೊಗೆ ಎಲ್ಲ ತೀರದ ಮೇಲೇ ಹಾದುಹೋಗುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿಂದ ಬರಲು ಶುರುವಾಗುತ್ತದೆ. ಹಾಗಾಗಿ ಮುಂಜಾನೆಯ ಓಟವೇ ಶ್ರೇಷ್ಠ ಅನ್ನುವ ನಮ್ಮ ಹಳೇ ರೂಢಿ ಚಳಿಗಾಲದ ತೀರಕ್ಕೆ ಹೊಂದುವುದಿಲ್ಲ. ಕಷ್ಟದ ಓಟಗಳನ್ನು ಸಂಜೆ ನಾಲ್ಕೂವರೆ ಮೇಲೆ ಇಡಿ, ಬೆಳಿಗ್ಗೆ ಮೈ ಸಡಿಲಿಸುವ ವ್ಯಾಯಾಮ ಸಾಕು. ಮೀನುಗಾರಿಕೆ ಬಂದರು, ಹಡಗುಕಟ್ಟೆಗಳಿಂದ ದೂರದ ತೀರ ಆರಿಸಿ. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದ್ದಾರೆ ನಿಜ, ಆದರೂ ಡೀಸೆಲ್ ಹೊಗೆ ಹೊಗೆಯೇ.

ಕಡಲ ಗಾಳಿ ಯಾವಾಗಲೂ ಚೊಕ್ಕ ಅಂತಲೂ ಅಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರ ದಾಟಿ ಬಂದು ಮುಂಬೈ ಮಂಕಾಗಿತ್ತು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ 'ಇಂಡೋಎಕ್ಸ್' ಅಧ್ಯಯನದಲ್ಲಿ, ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ವಿ. ರಾಮನಾಥನ್ ಮತ್ತು ಜೊತೆಗಾರರು ಮಾಲ್ಡೀವ್ಸ್‌ವರೆಗೂ ಚಾಚಿದ್ದ ಕಂದು ಮಬ್ಬನ್ನು ಕಂಡರು. ಚಳಿಗಾಲದಲ್ಲಿ ಉಪಖಂಡದಿಂದ ಬೀಸುವ ಗಾಳಿಯೇ ಅದನ್ನು ಅಷ್ಟು ದೂರ ಒಯ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಓದುಗರಿಗೂ ಒಂದು ಮಾತು: ಲಾಸ್ ಏಂಜಲೀಸ್‌ನ ಹೊಗೆಯನ್ನು ಕಡಲ ಗಾಳಿ ಒಳನಾಡಿಗೆ ತಳ್ಳುತ್ತದೆ, ಬಿಸಿಲಲ್ಲಿ ಅದರಿಂದ ಶ್ವಾಸಕೋಶ ಕೆರಳಿಸುವ ಓಝೋನ್ ಅನಿಲ ಹುಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಓಝೋನ್ ಪೇಟೆಗಿಂತ ಜಾಸ್ತಿ ಇರುತ್ತದೆ. ಅಲ್ಲಿ ಹತ್ತುವವರಿಗೆ ಬೆಳಗಿನ ಹೊತ್ತೇ ಒಳ್ಳೆಯದು, ಮಲ್ಪೆಯ ಚಳಿಗಾಲದ ಲೆಕ್ಕಕ್ಕೆ ಪೂರ್ತಿ ಉಲ್ಟಾ.

ನಮ್ಮ ಘಟ್ಟಗಳಿಗೆ ಒಳ್ಳೆ ಕಾಲ ಬೇಕೆಂದರೆ ಮಳೆ ನಿಂತ ಕೂಡಲೇ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಊರೇ ಇಲ್ಲದ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತದೆ, ಮಳೆ ಅದನ್ನು ಇನ್ನಷ್ಟು ತೊಳೆಯುತ್ತದೆ. ಜಿಗಣೆ, ಜಾರುವ ಬಂಡೆ ಕಾರಣಕ್ಕೆ ಮಕ್ಕಳನ್ನು ಜುಲೈನಲ್ಲಿ ಕರೆದೊಯ್ಯಿರಿ ಅನ್ನಲಾರೆ. ನವೆಂಬರ್‌ನ ಒಂದು ವಾರಾಂತ್ಯ ಸಾಕು. ಫೆಬ್ರವರಿ ಬಂತೆಂದರೆ ಇಲ್ಲೂ ಕಾಡ್ಗಿಚ್ಚು ಶುರು, 2019ರಲ್ಲಿ ಬಂಡೀಪುರ ಹೇಗೆ ಉರಿಯಿತು ನೋಡಿದ್ದೇವೆ.

ಕೊನೆಗೆ ಆ ಹುಡುಗಿ. ಅವಳನ್ನು ಬಿಟ್ಟು ಹೋಗಬೇಡಿ ಮೇಷ್ಟ್ರೇ. ಅಜ್ಜಿಗೆ ಮಾತ್ರ ನಿಧಾನವಾಗಿ ಹೇಳಿ, ಬೆಟ್ಟ ಔಷಧಿ ಅಲ್ಲ, ಇನ್‌ಹೇಲರ್ ನಿಲ್ಲಿಸಬಾರದು ಅಂತ. ಹೊರಡುವ ಎರಡು ವಾರ ಮೊದಲೇ ಡಾಕ್ಟರಿಗೆ ತೋರಿಸಿ, ಹತ್ತುವ ಮುಂಚೆ ಇನ್‌ಹೇಲರ್ ತೆಗೆದುಕೊಳ್ಳಬೇಕೇ, ಎಷ್ಟು ನಿಮಿಷ ಮುಂಚೆ, ಉಬ್ಬಸ ಎದ್ದರೆ ಎಷ್ಟು ಸಲ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಇನ್‌ಹೇಲರ್ ಅವಳ ಚೀಲದಲ್ಲಿ, ಇನ್ನೊಂದು ನಿಮ್ಮ ಜೇಬಿನಲ್ಲಿ. ಎನ್95 ಮಾಸ್ಕ್ ಹಾಕಿಕೊಂಡು ಓಡಿಸಬೇಡಿ, ಉಸಿರಿಗೆ ಕಷ್ಟ. ಜೀಪಿನ ಧೂಳಿನ ದಾರಿಗೆ, ಬಸ್ ನಿಲ್ದಾಣಕ್ಕೆ ಅದು ಸರಿ. ಪಿಎಂ 2.5 ಅಂಕಿ 35 ದಾಟಿದ ದಿನ ಅವಳಿಗೆ ಓಟ ಬೇಡ, ನಡಿಗೆ ಸಾಕು. 60 ದಾಟಿದರೆ ಯಾರಿಗೂ ಬೇಡ, ಎಲ್ಲರನ್ನೂ ಒಳಗೆ ಕೂರಿಸಿ ಚೆಸ್ ಆಡಿಸಿ. ಈ ಎರಡು ಅಂಕಿ ನಾನು ಹಾಕಿಕೊಂಡ ಗೆರೆಗಳು. ನಿಮ್ಮ ಡಾಕ್ಟರ್ ಇನ್ನೂ ಕೆಳಗೆ ಎಳೆದರೆ ಅವರ ಮಾತೇ ನಡೆಯಲಿ.