ಅಳಿಸಿದ ವಾಕ್ಯ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಗುರುತು ಸಿಗದಂತೆ ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಅವರ ಒಪ್ಪಿಗೆಯೂ ಇದೆ.

35ರ ಆಸುಪಾಸಿನ ಈ ಮಹಿಳೆ ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ವರದಿಗಳನ್ನು ಸಿದ್ಧಪಡಿಸುವವರು. ನಿದ್ರೆ ಬರುತ್ತಿಲ್ಲ, ಮಕ್ಕಳ ಮೇಲೆ ವಿನಾಕಾರಣ ರೇಗುತ್ತೇನೆ ಎಂದು ಹೇಳಿಕೊಂಡು ಬಂದಿದ್ದರು. ಆದರೆ ತಮಗೆ ಒತ್ತಡವಿದೆ ಎಂಬುದನ್ನು ಮಾತ್ರ ಒಪ್ಪಲು ಅವರು ಸಿದ್ಧರಿರಲಿಲ್ಲ. ಮಣಿಕಟ್ಟಿನ ಸ್ಮಾರ್ಟ್‌ವಾಚ್ ತೋರಿಸಿ, "ಮೇಡಂ, ಇದರಲ್ಲಿ ಒತ್ತಡ ಕಡಿಮೆ ಅಂತಲೇ ಬರುತ್ತದೆ. ದಿನಕ್ಕೆ ಹತ್ತಾರು ಸಲ ನೋಡುತ್ತೇನೆ. ಹಾಗಿದ್ದರೆ ನನಗೆ ಏನಾಗಿದೆ?" ಎಂದು ಕೇಳಿದರು. ಮಾತಿನ ನಡುವೆ, ಕಚೇರಿಯ ಕೀಬೋರ್ಡ್ ಕೆಟ್ಟಿದೆಯೆಂದು ಎರಡು ಸಲ ಬದಲಿಸಿಕೊಂಡರೂ ತಪ್ಪು ಅಕ್ಷರಗಳು ಬೀಳುವುದು ನಿಂತಿಲ್ಲ ಎಂದೂ ಹೇಳಿದರು. ಅವರಿಗೆ ಅದೊಂದು ಸಣ್ಣ ದೂರಾಗಿತ್ತು. ನನಗೆ ಮುಖ್ಯವೆನಿಸಿದ್ದು ಅದೇ.

ಇಂಥ ಗಡಿಯಾರಗಳು ಬಹುತೇಕ ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತವನ್ನು ಅಳೆದು ಒತ್ತಡವನ್ನು ಅಂದಾಜು ಮಾಡುತ್ತವೆ. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಮಂದಿಗೆ ಪ್ರಯೋಗಾಲಯದಲ್ಲೇ ಕಚೇರಿ ಕೆಲಸ ಕೊಟ್ಟು ನೋಡಿದಾಗ, ಹೃದಯದ ಬಡಿತಕ್ಕಿಂತ ಅವರು ಟೈಪ್ ಮಾಡುವ ಮತ್ತು ಮೌಸ್ ಆಡಿಸುವ ರೀತಿಯೇ ಒತ್ತಡವನ್ನು ಹೆಚ್ಚು ಚೆನ್ನಾಗಿ ಸೂಚಿಸಿತು. ಒತ್ತಡದಲ್ಲಿದ್ದವರ ಮೌಸ್ ಗುರಿ ತಪ್ಪುತ್ತಾ ಸುತ್ತುಬಳಸಿ ಸಾಗುತ್ತಿತ್ತು. ಅವರ ಟೈಪಿಂಗ್‌ನಲ್ಲಿ ತಪ್ಪುಗಳೂ ಚಿಕ್ಕ ಚಿಕ್ಕ ತಡೆಗಳೂ ಹೆಚ್ಚಿದ್ದವು. ನಿರಾಳವಾಗಿದ್ದವರು ಕಡಿಮೆ ಸಲ, ಆದರೆ ದೀರ್ಘವಾಗಿ ನಿಲ್ಲುತ್ತಿದ್ದರು. 2014ರಲ್ಲಿ 24 ಮಂದಿಯ ಮೇಲೆ ನಡೆದ ಬೇರೊಂದು ಪ್ರಯೋಗದಲ್ಲಿ, ಒತ್ತಡದ ಹೊತ್ತಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಕೀಲಿಗಳನ್ನು ಇನ್ನಷ್ಟು ಬಲವಾಗಿ ಒತ್ತಿದ್ದು ಕಂಡುಬಂದಿತ್ತು. ಮನಸ್ಸು ಬಿಗಿದಾಗ ಮಿದುಳು ಸ್ನಾಯುಗಳಿಗೆ ಕಳಿಸುವ ಸಂಕೇತಗಳಲ್ಲೇ ಗದ್ದಲ ಸೇರಿಕೊಂಡು ಕೈಯ ಚಲನೆಯ ಮೇಲಿನ ಹತೋಟಿ ತಪ್ಪುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಎರಡನೆಯ ಭೇಟಿಯಲ್ಲಿ ಅವರ ಲ್ಯಾಪ್‌ಟಾಪ್ ತೆರೆಸಿ, ವರದಿಗೆ ಹೆಚ್ಚಿನ ಸಮಯ ಕೇಳಿ ಮೇಲಧಿಕಾರಿಗೆ ಒಂದು ಮೇಲ್ ಬರೆಯುವಂತೆ ಹೇಳಿದೆ. "ಸರ್, ಈ ವರದಿಗೆ ಇನ್ನೂ ಎರಡು ದಿನ ಬೇಕು" ಎಂದು ಒಂದೇ ಉಸಿರಿಗೆ ಬರೆದರು. ತಕ್ಷಣ "ಬೇಕು" ಅಳಿಸಿ "ಬೇಕಾಗಬಹುದು" ಮಾಡಿದರು. ಆಮೇಲೆ "ಎರಡು" ಹೋಗಿ "ಒಂದು" ಬಂತು, ಅದೂ ಹೋಯಿತು. ಅಳಿಸುವ ಕೀಲಿಯ ಮೇಲಿನ ಬೆರಳು ಕೆಲಸವಿಲ್ಲದಿದ್ದಾಗಲೂ ಅಲ್ಲೇ ಕೂತಿತ್ತು. ಭುಜಗಳು ಕಿವಿಯತ್ತ ಏರಿದ್ದವು. ಉಸಿರು ಹಿಡಿದಿರುವುದು ಅವರಿಗೇ ತಿಳಿದಿರಲಿಲ್ಲ. ಏಳೆಂಟು ನಿಮಿಷದ ಬಳಿಕ ಪರದೆಯ ಮೇಲೆ ಉಳಿದದ್ದು: "ಸರ್, ನಾಳೆ ಕಳಿಸುತ್ತೇನೆ." ಅದನ್ನು ಗಟ್ಟಿಯಾಗಿ ಓದಿ ಎಂದೆ. ಓದಿ, ಬಹಳ ಹೊತ್ತು ಸುಮ್ಮನಿದ್ದು, "ನಾನು ಕೇಳಬೇಕಾದದ್ದನ್ನೇ ಅಳಿಸಿಬಿಟ್ಟೆ" ಎಂದರು. ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟ ನಂತರ ಅವರ ಪಾಲಿನ ಕೆಲಸವೂ ಏಳು ತಿಂಗಳಿಂದ ತಮ್ಮ ತಲೆಯ ಮೇಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಿದ್ದು ಆಗಲೇ.

ಬೆರಳುಗಳು ಒತ್ತಡವಿರಬಹುದು ಎಂದಷ್ಟೇ ಹೇಳುತ್ತವೆ. ಏಕೆ ಎಂಬುದನ್ನು ಹೇಳಲಾರವು. ನಿದ್ರೆಗೆಟ್ಟರೂ, ಕಾಫಿ ಹೆಚ್ಚಾದರೂ, ಮಣಿಕಟ್ಟು ನೋಯುತ್ತಿದ್ದರೂ, ಕೊನೆಗೆ ಕೀಬೋರ್ಡ್ ಹೊಸತಾದರೂ ತಪ್ಪುಗಳು ಹೆಚ್ಚಬಹುದು. ಹಾಗಾಗಿ ನಿದ್ರೆಯ ವಿಷಯಕ್ಕೆ ವೈದ್ಯರನ್ನು ಕಾಣುವಂತೆ ಮೊದಲೇ ತಿಳಿಸಿದೆ. ಗಡಿಯಾರದ ಒತ್ತಡದ ಅಂಕವನ್ನು ಪರದೆಯಿಂದ ತೆಗೆದುಹಾಕಿಸಿದೆ, ಏಕೆಂದರೆ ಅದನ್ನು ನೋಡುವುದೇ ಒಂದು ಆತಂಕದ ಚಟವಾಗಿತ್ತು. ಬದಲಿಗೆ ಎರಡು ವಾರ ಕಾಗದದ ಮೇಲೆ ಟಿಪ್ಪಣಿ ಇಡಲು ಹೇಳಿದೆ: ಯಾವ ಹೊತ್ತಿನಲ್ಲಿ ಅಳಿಸಿ ಅಳಿಸಿ ಬರೆದೆ, ಯಾರ ಮೇಲ್ ತೆರೆಯುವಾಗ ಉಸಿರು ಹಿಡಿದೆ, ಯಾವಾಗ ಕಾರಣವಿಲ್ಲದೆ ಮೊಬೈಲ್ ಕೈಗೆತ್ತಿಕೊಂಡೆ. ನಿರಾಳವಾದ ದಿನವೊಂದರ ಟಿಪ್ಪಣಿಯೂ ಅದರಲ್ಲಿ ಇರಲೇಬೇಕೆಂದು ಒತ್ತಿ ಹೇಳಿದೆ. ಒಬ್ಬೊಬ್ಬರ ಟೈಪಿಂಗ್ ಒಂದೊಂದು ರೀತಿ ಇರುವುದರಿಂದ ಅವರನ್ನು ಅವರೊಂದಿಗೇ ಹೋಲಿಸಬೇಕೇ ಹೊರತು ಪಕ್ಕದ ಮೇಜಿನವರೊಂದಿಗಲ್ಲ. ಒಂದೇ ವಾಕ್ಯವನ್ನು ಮೂರನೆಯ ಸಲ ಅಳಿಸುತ್ತಿದ್ದೇನೆ ಎಂದು ಗಮನಕ್ಕೆ ಬಂದ ಕೂಡಲೇ ಕೈಗಳನ್ನು ಮಡಿಲಿಗೆ ತಂದು, ನಿಧಾನವಾಗಿ ಹತ್ತು ಸಲ ಉಸಿರು ಬಿಟ್ಟು, ಮೊದಲು ಬರೆದ ವಾಕ್ಯವನ್ನೇ ಮತ್ತೆ ಟೈಪ್ ಮಾಡಬೇಕೆಂಬುದು ನಾನು ಕೊಟ್ಟ ಅಭ್ಯಾಸ.

ಕಚೇರಿಯಲ್ಲಿ ನೌಕರರ ಟೈಪಿಂಗ್ ಗಮನಿಸಿ ಒತ್ತಡ ಗುರುತಿಸುವ ತಂತ್ರಾಂಶ ತರುವ ಮಾತು ನಡೆದಿದೆ, ಒಪ್ಪಬೇಕೇ ಎಂದೂ ಕೇಳಿದರು. ಯಾರಿಗೆ ಆ ಮಾಹಿತಿ ಕಾಣುತ್ತದೆ, ಎಷ್ಟು ದಿನ ಇಡುತ್ತಾರೆ, ಬಡ್ತಿಯ ನಿರ್ಧಾರದಲ್ಲಿ ಬಳಸುತ್ತಾರೆಯೇ ಎಂಬ ಮೂರಕ್ಕೂ ಲಿಖಿತ ಉತ್ತರ ಸಿಗದೆ ಒಪ್ಪಬೇಡಿ ಎಂದೆ. ಉದ್ಯೋಗ ಸ್ಥಳದಲ್ಲಿ ದೇಹದ ಅಥವಾ ವರ್ತನೆಯ ಲಕ್ಷಣಗಳಿಂದ ಭಾವನೆ ಊಹಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳನ್ನು ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು ಯುರೋಪಿಯನ್ ಒಕ್ಕೂಟ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಗಮನಿಸಲಾಗುತ್ತಿದೆ ಎಂಬ ಅರಿವೇ ಬೆರಳುಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾಲ್ಕನೆಯ ಭೇಟಿಗೆ ತಂದ ಟಿಪ್ಪಣಿಯಲ್ಲಿ ಹೆಚ್ಚಿನ ಗುರುತುಗಳು ಒಬ್ಬರೇ ವ್ಯಕ್ತಿಯ ಮೇಲ್‌ಗಳ ಸುತ್ತ ಇದ್ದವು. ಅವರೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ನಾವಿಬ್ಬರೂ ಎರಡು ಭೇಟಿಗಳಲ್ಲಿ ಆಡಿ ನೋಡಿದೆವು. ಕೊನೆಗೆ ಎರಡು ದಿನ ಬೇಕು ಎಂಬ ಮೇಲ್ ಹೋಯಿತು. ಒಂದು ದಿನ ಸಿಕ್ಕಿತು. ಹೆಚ್ಚುವರಿ ಕೆಲಸದ ಹಂಚಿಕೆಯ ಮಾತು ಇನ್ನೂ ನಡೆಯುತ್ತಿದೆ. ನಿದ್ರೆ ಸುಧಾರಿಸಿದೆ. ಭಾನುವಾರ ರಾತ್ರಿಯ ಮೇಲ್‌ಗಳಲ್ಲಿ ಮಾತ್ರ ಈಗಲೂ ಅಳಿಸುವುದು ಹೆಚ್ಚು ಎಂದು ಕಳೆದ ವಾರ ಅವರೇ ಗುರುತು ಹಾಕಿಕೊಂಡು ಬಂದಿದ್ದರು.