ಹಳೇ ಡೀಸೆಲ್ ಪಿಕಪ್ ಮೈಲೇಜ್ ಹೆಚ್ಚಿಸೋದು ಹೇಗೆ?

ಶ್ರೀನಿವಾಸಪುರದಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವ ಹನ್ನೆರಡು ವರ್ಷದ ಪಿಕಪ್, ಲೀಟರಿಗೆ 13 ಕೊಡ್ತಿದ್ದದ್ದು 10ಕ್ಕೆ ಇಳಿದಿದೆ, ಇಂಜಿನ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ಮೊದಲು ಬ್ರೇಕ್ ನೋಡಿ. ಐದಾರು ಕಿಲೋಮೀಟರ್ ಹೆಚ್ಚು ಬ್ರೇಕ್ ಒತ್ತದೆ ಓಡಿಸಿ, ಇಳಿದು ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ (ಮುಟ್ಟಬೇಡಿ, ಸುಟ್ಟೀತು). ಒಂದರಲ್ಲಿ ಮಾತ್ರ ಕಾವು ಜಾಸ್ತಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಆಮೇಲೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾವನ್ನು ಹದದಲ್ಲಿಡುವ ವಾಲ್ವ್. ಗಾಡಿ ಹೀಟ್ ಆಗುತ್ತೆ ಅಂತ ಮೆಕ್ಯಾನಿಕ್‌ಗಳು ಅದನ್ನು ಕಿತ್ತು ಬಿಸಾಡೋದುಂಟು. ಅಲ್ಲಿಂದಾಚೆಗೆ ಇಂಜಿನ್ ಸರಿಯಾದ ಕಾವಿಗೆ ಬರೋದೇ ಇಲ್ಲ, ಟೆಂಪರೇಚರ್ ಮುಳ್ಳು ಕೆಳಗೇ ಬಿದ್ದಿರುತ್ತೆ, ತಣ್ಣಗಿನ ಇಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತೆ. ಹೊಸದು ಹಾಕಿಸಿ, ಹೀಟ್‌ಗೆ ಕಾರಣವನ್ನು ರೇಡಿಯೇಟರ್‌ನಲ್ಲಿ ಹುಡುಕಿ.

ಹೊಗೆ ಕಪ್ಪಗಿದ್ದರೆ ಮೊದಲು ಏರ್ ಫಿಲ್ಟರ್, ಆಮೇಲೆ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸೋದು) ನೋಡಿಸಿ. ಗಾಳಿ ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿ.

ವಾಪಸ್ ಬರುವಾಗ ಖಾಲಿ ಕ್ರೇಟುಗಳನ್ನು ಕ್ಯಾಬಿನ್‌ಗಿಂತ ಎತ್ತರಕ್ಕೆ ಪೇರಿಸಬೇಡಿ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ಬಾಡಿಗೆ ಮುಗಿಸಿ ಮನೆಗೆ ಬರೋಕೆ 80 ಯಾಕೆ, 60 ಸಾಕು. ಮೈಲೇಜ್ ಲೆಕ್ಕವನ್ನು ಮಾತ್ರ ಒಂದೇ ಬಂಕಿನಲ್ಲಿ, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕಿಗೆ ಹಾಕಿ.